ಟ್ರೈಪ್ ಮಹಾಶಯರಿಗೆ ಅರ್ಪಿಸಿದ ಅಭಿನಂದನ ಭಾಷಣ

ಮಾನ್ಯ ಅಧ್ಯಕ್ಷರೇ, ಸಹೃದಯರಾದ ಕನ್ನಡ ಬಾಂಧವರೇ, ಮತ್ತು ಮುಂದಿನ ಸಾಲಿನಲ್ಲಿ ಈಗಾಗಲೇ ಕರವಸ್ತ್ರದಿಂದ ನಾಸಿಕವನ್ನು ಮುಚ್ಚಿಕೊಂಡಿರುವ ನನ್ನ ಸಸ್ಯಾಹಾರಿ ಮಿತ್ರರೇ,

ವೇದಿಕೆಯ ಮಧ್ಯದಲ್ಲಿ, ಜರತಾರಿ ಶಾಲನ್ನು ಹಾಸಿದ ಮೇಜಿನ ಮೇಲೆ, ಪಿಂಗಾಣಿಯ ತಟ್ಟೆಯಲ್ಲಿ ಧವಳವರ್ಣದಿಂದ ವಿರಾಜಮಾನರಾಗಿ, ಯಾರಾದರೂ ಮೇಜನ್ನು ಮುಟ್ಟಿದಾಗಲೆಲ್ಲ ವಿನಯದಿಂದ ಕಿಂಚಿತ್ತು ಕಂಪಿಸುತ್ತ ಕುಳಿತಿರುವ ಲ್ಯಾಂಕಷೈರಿನ ಶ್ರೀಮಾನ್ ಟ್ರೈಪ್ ಮಹಾಶಯರನ್ನು, ಎಂದರೆ ತಿನ್ನಲು ಸಿದ್ಧಪಡಿಸಿದ ದನದ ಜಠರವನ್ನು, ಕುರಿತು ನಾಲ್ಕು ಮಾತನಾಡುವ ಭಾಗ್ಯ ನನಗೆ ಒದಗಿದುದಕ್ಕಾಗಿ ಕಾರ್ಯದರ್ಶಿಗಳಿಗೆ ಕೃತಜ್ಞನಾಗಿದ್ದೇನೆ. ಸನ್ಮಾನಿತರಿಗೆ ಶಿರಸ್ಸೆಂಬುದು ಇಲ್ಲದಿರುವ ಕಾರಣ ಮೈಸೂರು ಪೇಟವನ್ನು ಪಕ್ಕದಲ್ಲಿರುವ ವಿನೆಗರಿನ ಸೀಸೆಗೆ ತೊಡಿಸಲಾಗಿದೆ. ಇದನ್ನು ಅಗೌರವವೆಂದು ಯಾರೂ ಭಾವಿಸತಕ್ಕದ್ದಲ್ಲ. ಇದಕ್ಕಿಂತಲೂ ಅಯೋಗ್ಯವಾದ ಸ್ಥಳಗಳ ಮೇಲೆ ಪೇಟವು ಕುಳಿತಿರುವುದನ್ನು ನಾವೆಲ್ಲರೂ ಕಂಡವರೇ.

ಈ ಸಮಾರಂಭಕ್ಕೆ ಅಕ್ಟೋಬರ್ 24ನ್ನೇ ಆಯ್ದುದು ಪಂಚಾಂಗವನ್ನು ನೋಡಿ ಅಲ್ಲ. 1662ನೆಯ ಇಸವಿಯಲ್ಲಿ ಇದೇ ದಿನ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾಖಾತೆಯ ಅಧಿಕಾರಿಯು, ತಾನೇ ನಿಂತು ಮಾಡಿಸಿದ, ಸಾಸಿವೆಯನ್ನು ಧಾರಾಳವಾಗಿ ಬಳಿದ ಟ್ರೈಪನ್ನು ತಿಂದು ಪರಮ ಸಂತುಷ್ಟನಾದೆನೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟನು. ಸರ್ಕಾರಿ ಅಧಿಕಾರಿಯೊಬ್ಬನು ತಾನು ತಿಂದುದನ್ನು ಸ್ವಹಸ್ತದಿಂದ ದಾಖಲೆ ಮಾಡಿಟ್ಟ ಉದಾಹರಣೆ ಯಾವ ದೇಶದ ಚರಿತ್ರೆಯಲ್ಲಿಯೂ ವಿರಳವಾದುದರಿಂದ ಆ ದಿನವನ್ನು ನಾವು ಪುಣ್ಯದಿನವೆಂದೇ ಎಣಿಸಿದ್ದೇವೆ.

ಸಂಪ್ರದಾಯದಂತೆ ಸನ್ಮಾನಿತರ ವಂಶವೃತ್ತಾಂತವನ್ನು ಮೊದಲು ಹೇಳಬೇಕಷ್ಟೆ. ದನ, ಕುರಿಗಳಂತೆ ಮೆಲುಕು ಹಾಕುವ ಪ್ರಾಣಿಗೆ ಜಠರದಲ್ಲಿ ನಾಲ್ಕು ಕೋಣೆಗಳಿರುವುವು. ಅವುಗಳಲ್ಲಿ ಹಿರಿಯದಾದ ಮೊದಲನೆಯದು, ದೊಡ್ಡ ಹಸುವಿನಲ್ಲಿಯಾದರೆ ನೂರು ಲೀಟರಿಗೂ ಮೀರಿ ಹಿಡಿಸತಕ್ಕ ವಿಶಾಲವಾದ ಉಗ್ರಾಣ. ಎರಡನೆಯದರ ಒಳಮೈಯಲ್ಲಿ ಷಟ್ಕೋನಾಕೃತಿಯ ಸಣ್ಣ ಸಣ್ಣ ಗೂಡುಗಳು ಕಂಡುಬರುವುದರಿಂದ ಅದಕ್ಕೆ ಜೇನುಗೂಡಿನ ಹೆಸರೇ ಅಂಟಿಕೊಂಡಿದೆ. ಮೂರನೆಯದು ಪುಟಪುಟವಾಗಿ ಮಡಿಸಿಕೊಂಡಿರುವುದು. ನಾಲ್ಕನೆಯದನ್ನು ಇಟಲಿಯ ಫ್ಲಾರೆನ್ಸ್ ನಗರದವರು ಲಂಪ್ರೆದೊತ್ತೊ ಎಂದು ಕರೆದು, ಬೀದಿಯ ಗಾಡಿಗಳ ಬಳಿ ನಿಂತು, ರೊಟ್ಟಿಯ ನಡುವೆ ಇಟ್ಟುಕೊಂಡು ಇಂದಿಗೂ ತಿನ್ನುತ್ತಾರೆ. ಈ ದಿವಸ ವೇದಿಕೆಯನ್ನು ಅಲಂಕರಿಸಿರುವವರು ಎರಡನೆಯ ಮನೆತನದವರು. ಪೋರ್ತುಗಲ್ಲಿನ ಪೋರ್ತೊ ನಗರದ ನಿವಾಸಿಗಳಿಗಂತೂ ಟ್ರೈಪ್ ತಿನ್ನುವವರೆಂಬುದೇ ಬಿರುದು. 1415ರಲ್ಲಿ ಉತ್ತರ ಆಫ್ರಿಕದ ಸೆಯುತಾದ ದಂಡಯಾತ್ರೆಗೆ ಹೊರಟ ನೌಕಾಪಡೆಗೆ ಒಳ್ಳೆಯ ಮಾಂಸವನ್ನೆಲ್ಲ ಕೊಟ್ಟು ತಾವು ಉಳಿದ ಜಠರವನ್ನು ಬೇಯಿಸಿಕೊಂಡು ಉಂಡರೆಂದು ಅವರ ಐತಿಹ್ಯ. ಅದನ್ನು ಅವಮಾನವೆಂದು ತಿಳಿಯದೆ ಅಭಿಮಾನದಿಂದ ಹೇಳಿಕೊಳ್ಳುವ ಆ ಜನರ ದೊಡ್ಡತನ ನಮ್ಮವರಿಗೆ ಇನ್ನೂ ಬರಬೇಕಾಗಿದೆ. ಮನೆಯಲ್ಲಿ ಬೋಟಿ ಗೊಜ್ಜನ್ನು ಬೆರಳು ಚೀಪಿಕೊಂಡು ಉಂಡು, ಆಫೀಸಿನಲ್ಲಿ ಪನ್ನೀರಿನ ಮಾತನಾಡುವ ಮಹನೀಯರು ಈ ಸಭೆಯಲ್ಲಿಯೇ ಇಲ್ಲದಿಲ್ಲ.

ಆದರೆ ಸನ್ಮಾನಿತರ ಕೀರ್ತಿ ಬೆಳಗಿದುದು ನಾವು ಈಗ ಸೇರಿರುವ ಈ ಲ್ಯಾಂಕಷೈರಿನಲ್ಲಿ, ಹತ್ತಿಯ ಗಿರಣಿಗಳ ನೆರಳಿನಲ್ಲಿ. ಇದಕ್ಕೆ ಕಾರಣವನ್ನು ನಾಲಗೆಯ ರುಚಿಯಲ್ಲಿ ಹುಡುಕುವವರು ಅರ್ಧ ಸತ್ಯವನ್ನೂ ಕಾಣಲಾರರು. ಈ ಸೀಮೆಯಲ್ಲಿ ಗಂಡಸರಂತೆಯೇ ಹೆಂಗಸರೂ ಬೆಳಗಿನ ಶಂಖಧ್ವನಿಗೆ ಎದ್ದು ಮಗ್ಗಗಳ ಮುಂದೆ ನಿಲ್ಲುತ್ತಿದ್ದುದರಿಂದ, ಸಂಜೆ ಮನೆಗೆ ಬಂದು ಒಲೆ ಹೊತ್ತಿಸಿ ಗಂಟೆಗಟ್ಟಲೆ ಬೇಯಿಸುವ ವಿರಾಮವಾಗಲೀ ಕಲ್ಲಿದ್ದಲಾಗಲೀ ಅವರಲ್ಲಿ ಇರಲಿಲ್ಲ. ತೊಳೆದು, ಕುದಿನೀರಿನಲ್ಲಿ ಅದ್ದಿ, ಹೆರೆದು, ಮತ್ತೆ ತೊಳೆದು, ತಾಸುಗಟ್ಟಲೆ ಬೇಯಿಸಿ, ಬಿಳುಪು ಮಾಡಿ, ಕೊಂಡ ಕ್ಷಣವೇ ತಿನ್ನಬಹುದಾದ ಸ್ಥಿತಿಯಲ್ಲಿ ಅಗ್ಗದ ಬೆಲೆಗೆ ಮಾರುವ ಅಂಗಡಿಯೊಂದು ಬೀದಿಯ ತಿರುವಿನಲ್ಲಿದ್ದರೆ ಅದು ಆ ಗೃಹಿಣಿಯ ಪಾಲಿಗೆ ಎರಡನೆಯ ಅಡಿಗೆಮನೆಯೇ ಆಯಿತು. ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ ಬರುತ್ತಿತ್ತು? 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಸರಬರಾಜು ನಿಂತಾಗ, ನಮ್ಮ ಧಾರವಾಡದ ಕರಿಮಣ್ಣಿನಲ್ಲಿ ಬೆಳೆದ ‘ಧಾರವಾಡ-ಅಮೆರಿಕನ್’ ಎಂಬ ತಳಿಯ ಹತ್ತಿಯೂ ಹಡಗು ಹತ್ತಿ ಈ ಸೀಮೆಗೆ ಬಂದಿತು. ನಮ್ಮ ರೈತನ ಅರಳೆಯನ್ನು ನೂತ ಕೈಗಳೇ ಸಂಜೆ ಸನ್ಮಾನಿತರನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಒಯ್ದವು. ಆದುದರಿಂದ ಕನ್ನಡಿಗರು ಇವರನ್ನು ಸನ್ಮಾನಿಸುವುದಕ್ಕೆ ಏನು ಸಂಬಂಧ ಎಂದು ಮೂದಲಿಸುವವರು ಚರಿತ್ರೆಯನ್ನು ಓದಿಕೊಂಡು ಬರಲಿ.

1920ರಲ್ಲಿ ಇಲ್ಲಿನ ಹಲವು ಟ್ರೈಪ್ ವ್ಯಾಪಾರಿಗಳು ಒಂದುಗೂಡಿ ಯುನೈಟೆಡ್ ಕ್ಯಾಟಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಯು.ಸಿ.ಪಿ. ಎಂಬ ಆ ಮೂರು ಅಕ್ಷರಗಳು ಉತ್ತರ ಇಂಗ್ಲೆಂಡಿನ ನೂರಕ್ಕೂ ಮೀರಿದ ಅಂಗಡಿಗಳ ಹಾಗೂ ಉಪಾಹಾರ ಗೃಹಗಳ ನೆತ್ತಿಯ ಮೇಲೆ ಒಂದು ಕಾಲದಲ್ಲಿ ಬೆಳಗಿದುವು. ವಿಗನ್ ಪಟ್ಟಣದಲ್ಲಿಯಂತೂ ಅದಕ್ಕೂ ಮೊದಲೇ ‘ಟ್ರೈಪ್ ಡಿ ಲಕ್ಸ್’ ಎಂಬ ಭೋಜನಶಾಲೆಯೊಂದು ಸ್ಥಾಪಿತವಾಗಿ, ಸ್ತ್ರೀಯರ ವಾದ್ಯಮೇಳದ ಗಾನವನ್ನು ಆಲಿಸುತ್ತ ಜನರು ಜಠರವನ್ನು ಸೇವಿಸುತ್ತಿದ್ದರು. ಪಿಟೀಲಿನ ಪಕ್ಕವಾದ್ಯದೊಡನೆ ಬೋಟಿ ಬಡಿಸುವ ಮಿಲಿಟರಿ ಹೋಟೆಲನ್ನು ನಮ್ಮಲ್ಲಿ ಯಾವ ಉದ್ಯಮಿಯೂ ಇದುವರೆಗೆ ಕಲ್ಪಿಸಿಕೊಂಡಿಲ್ಲವೆಂಬುದು ನಾಡಿನ ನಷ್ಟ.

ಅದೇ ವಿಗನ್ನಿಗೆ 1936ರಲ್ಲಿ ಲೇಖಕ ಜಾರ್ಜ್ ಆರ್ವೆಲ್ಲನು ಬಂದು, ಟ್ರೈಪ್ ಅಂಗಡಿಯೊಂದರ ಮೇಲಿನ ಕೊಠಡಿಯಲ್ಲಿ ತಂಗಿ, ಮರುವರ್ಷ ಪ್ರಕಟಿಸಿದ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿ ಅಲ್ಲಿನ ಜಿರಳೆಗಳನ್ನೂ, ಉಪಾಹಾರದ ಮೇಜಿನ ಕೆಳಗಿನ ಮೂತ್ರಪಾತ್ರೆಯನ್ನೂ ಲೋಕಪ್ರಸಿದ್ಧವಾಗಿಸಿದನು. ಆರ್ವೆಲ್ ಸುಳ್ಳು ಹೇಳುವವನಲ್ಲ. ಆದರೆ ಒಂದು ಮನೆಯ ಕೊಳಕನ್ನು ಓದುಗರು ಇಡೀ ಉದ್ಯಮಕ್ಕೆ ಬಳಿದುಬಿಟ್ಟರು. ಬಿಳಿಯ ಹೆಂಚಿನ ಗೋಡೆ, ಅಮೃತಶಿಲೆಯ ಹಲಗೆ, ಗಂಜಿ ಹಾಕಿದ ಬಿಳಿಯ ಉಡುಪಿನ ಹೆಂಗಸು, ಇವುಗಳಿಲ್ಲದೆ ಟ್ರೈಪ್ ಅಂಗಡಿಯವನಿಗೆ ಒಂದು ವಾರವೂ ವ್ಯಾಪಾರ ನಡೆಯುತ್ತಿರಲಿಲ್ಲ. ಏಕೆಂದರೆ ತಾನು ಮಾರುವ ವಸ್ತುವು ಹಿಂದೆ ಏನಾಗಿತ್ತೆಂಬುದನ್ನು ಗಿರಾಕಿಯು ಮರೆಯುವಂತೆ ಮಾಡುವುದೇ ಅವನ ಕಸಬಿನ ಮುಖ್ಯ ಭಾಗವಾಗಿತ್ತು.

ಕಾದಂಬರಿಕಾರ ಡಿಕನ್ಸನು ಸನ್ಮಾನಿತರಿಗೆ ಹೆಚ್ಚಿನ ನ್ಯಾಯವನ್ನು ಸಲ್ಲಿಸಿದ್ದಾನೆ. 1844ರಲ್ಲಿ ಅವನು ಬರೆದ ‘ದಿ ಚೈಮ್ಸ್’ ಎಂಬ ಕಥೆಯಲ್ಲಿ ಟ್ರಾಟಿ ವೆಕ್ ಎಂಬ ಬಡ ಹಮಾಲನು, ಮಗಳು ಬುಟ್ಟಿಯಲ್ಲಿ ತಂದ ಬಿಸಿ ಟ್ರೈಪನ್ನು ಒಂದು ದೊಡ್ಡ ಮನೆಯ ಮೆಟ್ಟಿಲ ಮೇಲೆ ಕುಳಿತು ತಿನ್ನುತ್ತಿರುವಾಗ, ಒಳಗಿನಿಂದ ಹೊರಬಂದ ಗಣ್ಯರಲ್ಲಿ ಲೆಕ್ಕಾಚಾರದ ಪಂಡಿತನೊಬ್ಬನು, ಟ್ರೈಪಿನಷ್ಟು ದುಂದುಗಾರಿಕೆಯ ಪದಾರ್ಥ ಮತ್ತೊಂದಿಲ್ಲವೆಂದೂ, ಅದು ಬೇಯುವಾಗ ಆಗುವ ತೂಕದ ನಷ್ಟವನ್ನು ಗಣಿಸಿದರೆ ಈ ಮುದುಕನು ವಿಧವೆಯರ ಮತ್ತು ಅನಾಥರ ಬಾಯಿಯ ತುತ್ತನ್ನು ಕಸಿಯುತ್ತಿದ್ದಾನೆಂದೂ ಸಾಬೀತು ಮಾಡುತ್ತಾನೆ. ದಿಗ್ಭ್ರಾಂತನಾದ ಮುದುಕನ ಎದುರಿನಲ್ಲಿಯೇ ಜೊತೆಯ ನಗರಸಭಾ ಮಹಾಶಯನು ಉಳಿದ ಟ್ರೈಪನ್ನು ತಾನೇ ಮುಗಿಸಿಬಿಡುತ್ತಾನೆ. ಬಡವರ ಆಹಾರವನ್ನು ಕುರಿತು ನೇಮಕವಾಗುವ ಸಮಿತಿಗಳ ಕಾರ್ಯವಿಧಾನವನ್ನು ಇದಕ್ಕಿಂತ ಸಂಕ್ಷೇಪವಾಗಿ ವಿವರಿಸಿದ ವರದಿಯನ್ನು ನಾನು ಓದಿಲ್ಲ.

1931ರ ಸೆಪ್ಟೆಂಬರಿನಲ್ಲಿ ಮಹಾತ್ಮ ಗಾಂಧಿಯವರು ಈ ಸೀಮೆಯ ಡಾರ್ವೆನ್ನಿನ ಗಿರಣಿ ಕಾರ್ಮಿಕರನ್ನು ಕಾಣಲು ಬಂದಾಗ, ವಿದೇಶೀ ವಸ್ತ್ರ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರೂ ಅವರನ್ನು ಹರ್ಷದಿಂದ ಸ್ವಾಗತಿಸಿದರು. ಆ ಅತಿಥಿಯ ಸತ್ಕಾರಕ್ಕೆ ಮಾತ್ರ ಸನ್ಮಾನಿತರು ಒದಗಲಾರದೆ ಹೋದುದು ಅವರ ಜೀವನದ ಒಂದು ಕೊರತೆ. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಅವರು ತುಂಬಿಕೊಟ್ಟರು. 1940ರಿಂದ 1954ರವರೆಗೆ ಈ ದೇಶದಲ್ಲಿ ಮಾಂಸಕ್ಕೆ ಪಡಿತರ ಚೀಟಿ ಬೇಕಾಗಿದ್ದಾಗ ಜಠರ, ಯಕೃತ್ತು ಮುಂತಾದುವು ಬಹುಪಾಲು ಕಾಲ ಚೀಟಿಯ ಕಟ್ಟಿಗೆ ಒಳಪಡಲಿಲ್ಲವಾಗಿ, ಅದುವರೆಗೆ ಇವರ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆದ ಸಂಭಾವಿತರೂ ಸಾಲಿನಲ್ಲಿ ನಿಂತರು.

ಇನ್ನು ನನ್ನ ಸ್ವಂತ ಪರಿಚಯ. ಅರವತ್ತರ ದಶಕದಲ್ಲಿ ನೇಯ್ಗೆಯ ವಿದ್ಯೆಯನ್ನು ಕಲಿಯಲು ಬೋಲ್ಟನ್ನಿಗೆ ಬಂದ ನನಗೆ ಬಾಡಿಗೆಗೆ ಕೋಣೆ ಕೊಟ್ಟ ಮುದುಕಿಯು ಗಿರಣಿಯಲ್ಲಿ ಜೀವಮಾನವನ್ನು ಸವೆಸಿದವಳು. ಮಗ್ಗಗಳ ಆರ್ಭಟದಲ್ಲಿ ಕಿವಿ ಮಂದವಾಗಿ, ತುಟಿಗಳ ಚಲನೆಯನ್ನು ನೋಡಿಯೇ ಮಾತು ತಿಳಿಯುತ್ತಿದ್ದಳು. ಶುಕ್ರವಾರದ ಸಂಜೆ ಆಕೆ ತಣ್ಣನೆಯ ಜೇನುಗೂಡು ಟ್ರೈಪನ್ನು ತಟ್ಟೆಯಲ್ಲಿಟ್ಟು, ಉಪ್ಪು ಮೆಣಸು ಉದುರಿಸಿ, ವಿನೆಗರನ್ನು ಸುರಿದು, “ತಿನ್ನಪ್ಪಾ ಮಗನೇ, ಹೊಟ್ಟೆಗೆ ಹಗುರ, ಜೇಬಿಗೂ ಹಗುರ” ಎಂಬರ್ಥದ ಮಾತನ್ನು ತನ್ನ ಸೀಮೆಯ ಭಾಷೆಯಲ್ಲಿ ಆಡುತ್ತಿದ್ದಳು. ಹಾಸನದ ಕಡೆಯ ಹಳ್ಳಿಯಲ್ಲಿ ಕುರಿಯ ಬೋಟಿಯನ್ನು ತಿಂದು ಬೆಳೆದ ನಾನು ಬಂಧುವನ್ನು ಕಂಡ ಉತ್ಸಾಹದಿಂದ ಬಾಯಿಗಿಟ್ಟುಕೊಂಡೆ. ಸಭಾಮರ್ಯಾದೆಯನ್ನು ಮೀರಿ ನಿಜವನ್ನು ಹೇಳುವುದಾದರೆ, ತೋಯ್ದ ಫ್ಲಾನೆಲ್ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಕೊಟ್ಟಂತಿತ್ತು. ಹಾಲಿನಲ್ಲಿ ಈರುಳ್ಳಿಯೊಡನೆ ಬೇಯಿಸಿ ಬಡಿಸಿದ ದಿನ ಮಾತ್ರ ಒಂದು ಸೌಮ್ಯವಾದ ಸ್ವಾದವು ದೂರದಿಂದ ಕೈ ಬೀಸಿತು.

ತಪ್ಪು ಸನ್ಮಾನಿತರದಲ್ಲ, ಅವರನ್ನು ಬಿಳುಪು ಮಾಡಿದವರದು. ಪ್ರಾಣಿಯ ಜಠರವು ಸಹಜವಾಗಿ ಕಂದು ಹಸಿರು ಬಣ್ಣದ್ದು. ಅದರ ಗಂಧವೂ ರುಚಿಯೂ ಆ ಬಣ್ಣದೊಡನೆಯೇ ಇರತಕ್ಕುವು. ಗಿರಾಕಿಯ ಕಣ್ಣಿಗೆ ಶುಭ್ರವಾಗಿ ತೋರಬೇಕೆಂದು ರಾಸಾಯನಿಕಗಳಲ್ಲಿ ನೆನೆಹಾಕಿ, ವ್ಯಕ್ತಿತ್ವವನ್ನೆಲ್ಲ ತೊಳೆದು ಚರಂಡಿಗೆ ಬಿಟ್ಟು, ಉಳಿದ ಶ್ವೇತಶೂನ್ಯಕ್ಕೆ ವಿನೆಗರಿನ ನಾಲಗೆಯನ್ನು ಎರವಲು ಕೊಟ್ಟರು. ನಮ್ಮಲ್ಲಿಯಾದರೋ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಅರಿಸಿನ ಹಚ್ಚಿ, ಕೊತ್ತಂಬರಿ, ಗಸಗಸೆ, ಚಕ್ಕೆ, ಲವಂಗ, ತೆಂಗಿನಕಾಯಿಗಳನ್ನು ರುಬ್ಬಿ ಹಾಕಿ, ಬಿಸಿ ಮುದ್ದೆಯ ಪಕ್ಕದಲ್ಲಿ ಕೂಡಿಸಿದಾಗ ಅದೇ ಜಠರವು ಮಸಾಲೆಯನ್ನು ಮಡಿಕೆ ಮಡಿಕೆಯಲ್ಲಿ ಹಿಡಿದುಕೊಂಡು ಹಲ್ಲಿಗೆ ಸಿಕ್ಕುವ ರೀತಿಯೇ ಬೇರೆ. ಇದು ಸ್ವದೇಶಾಭಿಮಾನದ ಮಾತಲ್ಲ. ಫ್ರಾನ್ಸಿನ ಕಾನ್ ನಗರದವರು ಆಪಲ್ ರಸದ ಮದ್ಯವನ್ನು ಹಾಕಿ ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೇಯಿಸುವಾಗಲೂ ಇದೇ ತತ್ತ್ವವನ್ನು ಅನುಸರಿಸುತ್ತಾರೆ.

ಗಿರಣಿಗಳು ಮುಚ್ಚಿದುವು, ಕೂಲಿ ಏರಿತು, ಕೋಳಿ ಅಗ್ಗವಾಯಿತು. ಅಪ್ಪ ತಿಂದುದನ್ನು ತಿನ್ನಲು ಮಗನು ನಾಚಿದನು. ಯು.ಸಿ.ಪಿ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದುವು; ಟ್ರೈಪ್ ಈಗ ನಾಯಿಗಳ ತಟ್ಟೆಗೂ ಹೋಗುತ್ತದೆ. ಬೋಲ್ಟನ್, ರಾಚ್‌ಡೇಲ್‌ಗಳ ಬೀದಿಗಳಲ್ಲಿ ಬಿಳುಪು ಮಾಡದ ಜಠರವನ್ನು ಕೇಳಿ ಪಡೆಯುವವರು ಇಂದು ಹೆಚ್ಚಾಗಿ ಹೊರನಾಡುಗಳಿಂದ ಬಂದು ನೆಲೆಸಿದವರು. ಪಂಜಾಬಿನ ಮನೆಗಳಲ್ಲಿ ಅದು ಓಜ್ಡಿಯಾಗಿ, ನಮ್ಮವರ ಕೆಲವು ಮನೆಗಳಲ್ಲಿ ಬೋಟಿಯಾಗಿ ಬೇಯುತ್ತಿದೆ. ಈ ಕಡೆ, ಅಂಗಡಿಗಳು ಇದ್ದಾಗ ಒಳಗೆ ಕಾಲಿಡದವರು, ಅವು ಹೋದ ಮೇಲೆ “ಆಹಾ, ಆ ಕಾಲ!” ಎಂದು ನಿಟ್ಟುಸಿರು ಬಿಡುತ್ತ ಲೇಖನಗಳನ್ನು ಬರೆಯುತ್ತಾರೆ. ನಾವು ಸಾಹಿತಿಗಳನ್ನು ಗೌರವಿಸುವುದೂ ಇದೇ ಕ್ರಮದಲ್ಲಿಯೇ: ಪುಸ್ತಕವನ್ನು ಕೊಳ್ಳುವುದಿಲ್ಲ, ಶಾಲನ್ನು ಕೊಳ್ಳುತ್ತೇವೆ.

ಆದಕಾರಣ ಕಾರ್ಯದರ್ಶಿಗಳಲ್ಲಿ ನನ್ನದೊಂದು ಅರಿಕೆ. ಬೆರಿ ಪಟ್ಟಣದ ಮಾರುಕಟ್ಟೆಯಿಂದ ಈ ಬೆಳಿಗ್ಗೆ ತಂದ ಟ್ರೈಪ್ ಹಿಂದಿನ ಕೋಣೆಯಲ್ಲಿ ಸಾಕಷ್ಟಿದೆ. ಅರ್ಧವನ್ನು ಇಲ್ಲಿನ ಪದ್ಧತಿಯಂತೆ ತಣ್ಣಗೆ ಇಟ್ಟಿದ್ದೇವೆ, ಅರ್ಧವನ್ನು ನನ್ನ ಪತ್ನಿ ಗೊಜ್ಜು ಮಾಡಿದ್ದಾಳೆ. ಸಸ್ಯಾಹಾರಿ ಮಿತ್ರರಿಗೆ ಬಿಸಿಬೇಳೆಭಾತ್ ಸಿದ್ಧವಾಗಿದೆ, ಅವರು ನಿರಾತಂಕವಾಗಿ ಆ ಕಡೆಗೆ ಹೋಗಬಹುದು. ಮಿಕ್ಕವರಲ್ಲಿ ಸನ್ಮಾನಿತರನ್ನು ಹೊಗಳಲು ಹೆಸರು ಕೊಟ್ಟಿರುವ ಏಳು ಮಂದಿ ಭಾಷಣಕಾರರು, ದಯವಿಟ್ಟು ಮೊದಲು ಒಂದು ತುಂಡನ್ನು ತಿಂದು, ಆಮೇಲೆ ಧ್ವನಿವರ್ಧಕದ ಮುಂದೆ ಬರಬೇಕು.