ಪರೀಕ್ಷೆ ಎಲ್ಲಿ ಮಾರಾಯ್ರೆ?

“ಮಾಷ್ಟ್ರೆ, ಈ ಆನ್‌ಲೈನ್ ಕೋರ್ಸಿನವರಿಗೆ ಬೇರೆ ಕೆಲಸ ಇಲ್ವಾ? ನಮ್ಮ ದೊಡ್ಡವನಿಗೆ ದಿನಕ್ಕೆ ಎರಡೆರಡು ಸಲ ಫೋನು. ಎಂಬಿಎ ಮಾಡಿ ಸಾರ್, ಮನೆಯಲ್ಲೇ ಕೂತು ಮಾಡಿ ಸಾರ್ ಅಂತ. ಬಿ.ಸಿ.ರೋಡಿನ ಅಂಗಡಿಯಲ್ಲಿ ಲೆಕ್ಕ ಬರೆಯುವವ ಅವ. ಅವನನ್ನು ಸಾರ್ ಅಂತ ಕರೆದದ್ದೇ ಇವರು ಮೊದಲು!”

ಪಾಗಾರದ ಆಚೆಯಿಂದ ಅಕ್ಕ ಇಷ್ಟು ಹೇಳಿ ಮುಗಿಸುವಾಗ ನನಗೆ ನೆನಪಾದದ್ದು ಮೈಸೂರು. ಅಲ್ಲಿನ ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆಯಲ್ಲಿ ಪಾಠ ಕಳಿಸಲಿಕ್ಕೆ ಶುರು ಮಾಡಿತ್ತು. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ನೌಕರಿಯಲ್ಲಿದ್ದೇ ಡಿಗ್ರಿ ಮಾಡಿದವರು, ಮದುವೆಯಾದ ಮೇಲೆ ಎಂಎ ಮುಗಿಸಿದವರು ಬೆಳ್ತಂಗಡಿಯಲ್ಲೂ ಬಂಟ್ವಾಳದಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಆಮೇಲೆ ಆ ವಿಶ್ವವಿದ್ಯಾನಿಲಯ ಖಾಸಗಿ ಸಂಸ್ಥೆಗಳ ಕೈಹಿಡಿದು ರಾಜ್ಯದ ಗಡಿ ದಾಟಿತು. 2015ರಲ್ಲಿ ಯುಜಿಸಿ ಮಾನ್ಯತೆ ಇಲ್ಲ ಎಂದುಬಿಟ್ಟಿತು. ಅದೂ 2013-14ರಿಂದಲೇ ಇಲ್ಲವಂತೆ! ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಫೀಸು ಕಟ್ಟಿ ಓದಿದ ಮಕ್ಕಳು ಸರ್ಟಿಫಿಕೇಟು ಹಿಡಿದುಕೊಂಡು ಪಟ್ಟ ಭಂಗ ಅಷ್ಟಿಷ್ಟಲ್ಲ.

“ಪಾಠ ಸರಿ ಇರ್ಲಿಲ್ವಾ?”

“ಪಾಠದ ತಕರಾರೇ ಅಲ್ಲ ಅಕ್ಕ. ಎಲ್ಲಿ ನಡೆಸ್ತೀರಿ, ಯಾರ ಕೈಯಲ್ಲಿ ನಡೆಸ್ತೀರಿ ಅನ್ನುವುದು ತಕರಾರು.”

ಅಕ್ಕನಿಗೆ ಅದು ತಟ್ಟನೆ ಹೊಳೆಯಿತು. ಅಡಿಕೆ ವ್ಯಾಪಾರದ ಮನೆಯವರಲ್ಲವೇ? “ಗೋಣಿಯ ಬಾಯಲ್ಲಿ ಚಂದದ ಚಾಲಿ ಇಟ್ಟು ಅಡಿಗೆ ಪಟೋರ, ಕೋಕ ತುಂಬಿಸಿದ ಹಾಗೆ. ಸೇಟು ಕೈ ಅಡಿವರೆಗೆ ಹಾಕಿಯೇ ನೋಡುವುದು” ಎಂದರು. ಸರಿ, ಈ ಆನ್‌ಲೈನಿನ ಗೋಣಿಗೂ ಕೈ ಹಾಕಿ ನೋಡುವ ಎಂದೆ.

ಅವರ ಸಣ್ಣವಳು ಮೂಡುಬಿದಿರೆಯಲ್ಲಿ ಇಂಜಿನಿಯರಿಂಗು ಓದುತ್ತಾಳೆ. ಅವಳ ವಿಶ್ವವಿದ್ಯಾನಿಲಯ ವಿಟಿಯು 2022ರ ಸ್ಕೀಮಿನಲ್ಲಿ ಎಂಟನೇ ಸೆಮಿಸ್ಟರಿನ ಇಲೆಕ್ಟಿವ್‌ಗಳನ್ನು ಆನ್‌ಲೈನಿಗೇ ಬಿಟ್ಟಿದೆ. ಆ ಪಾಠ ಎನ್‌ಪಿಟಿಇಎಲ್‌ನದ್ದು. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಹುಟ್ಟುಹಾಕಿದ್ದು. ಈಗ ಕೇಂದ್ರ ಸರಕಾರದ ಸ್ವಯಂ ಜಾಲತಾಣದಲ್ಲಿ ಸಿಗುತ್ತದೆ. ಕೇಳಲಿಕ್ಕೆ ಕಾಸಿಲ್ಲ. ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಅಸೈನ್‌ಮೆಂಟಿನ ಉತ್ತರ ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತದೆ, ಅವಳೇ ನಗುತ್ತಾ ಹೇಳಿದ್ದಾಳೆ. ಆದರೆ 75ರಲ್ಲಿ 30 ಆದರೂ ಬರಬೇಕು. ಅದಕ್ಕೆ ಕೇಂದ್ರಕ್ಕೇ ಹೋಗಿ, ಮೇಲ್ವಿಚಾರಕರ ಎದುರು ಕೂತು ಬರೆಯಬೇಕು. ಹತ್ತು ವಾರ ಕದ್ದವಳೂ ಕಡೆಯ ಎರಡು ವಾರ ರಾತ್ರಿ ನಿದ್ದೆಗೆಟ್ಟು ವಿಡಿಯೊ ನೋಡುತ್ತಾಳೆ.

“ಪಾಠ ಹೇಗೆ ಅಂತೆ?”

“ಪಾಠ ಒಳ್ಳೆಯದೇ. ಐಐಟಿಯ ಪ್ರೊಫೆಸರು ಸ್ವತಃ ಬೋರ್ಡಿನ ಎದುರು ನಿಂತು ಹೇಳುವುದು. ಅರ್ಥ ಆಗದಿದ್ರೆ ಹಿಂದೆ ಹಾಕಿ ಕೇಳ್ಬಹುದು.”

“ಹಿಂದೆ ಹಾಕಿದ್ರೆ ಅವರು ಮೊದಲು ಹೇಳಿದ್ದನ್ನೇ ಹೇಳ್ತಾರಲ್ಲ?”

ಮಾತಿಗೆ ಮಾತು ಇರಲಿಲ್ಲ. ನಾನು ತರಗತಿಯಲ್ಲಿ ಮಾಡುತ್ತಿದ್ದ ಕೆಲಸವೇ ಅದು: ಹಿಂದಿನ ಬೆಂಚಿನವನ ಮುಖ ನೋಡಿ, ಇವನಿಗೆ ತಾಗಲಿಲ್ಲ ಎಂದು ಗೊತ್ತಾಗಿ, ಬೇರೆ ಉದಾಹರಣೆ ಕೊಡುವುದು. ವಿಡಿಯೊಗೆ ಎದುರು ಕೂತವನ ಮುಖ ಕಾಣುವುದಿಲ್ಲ. ನೋಡುವುದನ್ನು ಬಿಟ್ಟು ಎದ್ದು ಹೋದರೂ ಅದು ಕೇಳುವುದಿಲ್ಲ. ಅಮೆರಿಕದಲ್ಲೂ ಇದೇ ಕತೆ. 2012ರಲ್ಲಿ ಕೋರ್ಸೆರಾ ಬಂತು, ಹಾರ್ವರ್ಡ್ ಮತ್ತು ಎಂಐಟಿಯ ಎಡ್ಎಕ್ಸ್ ಬಂತು, ಇನ್ನು ಲೋಕಕ್ಕೆಲ್ಲ ಧರ್ಮಕ್ಕೆ ವಿದ್ಯೆ ಎಂದು ದೊಡ್ಡ ಗೌಜಿ. ಎಡ್ಎಕ್ಸ್‌ನಲ್ಲಿ ಆ ಎರಡೂ ಸಂಸ್ಥೆಗಳ ಕೋರ್ಸಿಗೆ 2017-18ರಲ್ಲಿ ಹೆಸರು ಹಾಕಿದವರಲ್ಲಿ ಮುಗಿಸಿದವರು ನೂರಕ್ಕೆ ಮೂವರು!

ನಮ್ಮಲ್ಲಿ ಮೂಡುಬಿದಿರೆ, ಉಜಿರೆಯ ಹುಡುಗರು ಮುಗಿಸುತ್ತಾರಲ್ಲ? ಹೌದು, ಯಾಕೆಂದರೆ ಅಂಕಪಟ್ಟಿಗೆ ಅದು ಬೇಕು, ಕಾಲೇಜಿನಲ್ಲಿ “ಎಷ್ಟನೇ ವಾರ ಆಯ್ತು?” ಎಂದು ಕೇಳುವ ಮೇಷ್ಟ್ರೊಬ್ಬರು ಇರುತ್ತಾರೆ. ಯುಜಿಸಿ 2021ರಲ್ಲಿ ಒಂದು ಸೆಮಿಸ್ಟರಿನ ಕ್ರೆಡಿಟ್ಟಿನಲ್ಲಿ ಶೇಕಡಾ 40ರವರೆಗೆ ಸ್ವಯಂನಿಂದ ತರಬಹುದು ಎಂದಿತು. ಮೊದಲು 20 ಇತ್ತು. ಏರಿಸಿದ್ದು ಸರಿಯೇ ಇರಬಹುದು. ಆದರೆ ಆ ನೆಪದಲ್ಲಿ ಕೇಳುವ ಮೇಷ್ಟ್ರನ್ನೇ ಮನೆಗೆ ಕಳಿಸಿದರೆ, ನಾವೂ ಆ ನೂರಕ್ಕೆ ಮೂರರ ಲೆಕ್ಕಕ್ಕೆ ಬಂದೇವು.

ಮತ್ತೆ ರೇಂಜಿನ ಕತೆ ಬೇರೆ ಉಂಟು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ರಸ್ತೆ ಬದಿ ಕೂತು ಕ್ಲಾಸು ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದ ಫೋಟೊ ದೇಶವೆಲ್ಲ ತಿರುಗಿತು. ಚಾರ್ಮಾಡಿಯ ಬುಡದವರಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ.

“ಅದೆಲ್ಲ ಇರ್ಲಿ, ನಮ್ಮವ ಸೇರ್ಬಹುದಾ ಬೇಡ್ವಾ?”

ಗೊತ್ತಿದ್ದಷ್ಟು ಹೇಳಿದೆ. ಯುಜಿಸಿಯ 2020ರ ನಿಯಮದ ಪ್ರಕಾರ ನ್ಯಾಕ್ ಮೌಲ್ಯಮಾಪನದಲ್ಲಿ 4ಕ್ಕೆ 3.01 ಆದರೂ ಇರುವ, ಇಲ್ಲವೇ ಎನ್‌ಐಆರ್‌ಎಫ್‌ನ ರ‍್ಯಾಂಕ್ ಪಟ್ಟಿಯ ಮೊದಲ ನೂರರಲ್ಲಿ ಬಂದಿರುವ ಸಂಸ್ಥೆಗಳೇ ಆನ್‌ಲೈನ್ ಡಿಗ್ರಿ ಕೊಡಬಹುದು. ಅಂಥಲ್ಲಿ ಮಾಡಿದ ಡಿಗ್ರಿ ಕಾಲೇಜಿಗೆ ಹೋಗಿ ಮಾಡಿದ್ದಕ್ಕೆ ಸಮ ಎಂದು 2022ರಲ್ಲಿ ಯುಜಿಸಿಯೇ ಹೇಳಿದೆ. ಬೇರೆ ಕಂಪೆನಿಗೆ ಕೋರ್ಸನ್ನು ಫ್ರಾಂಚೈಸಿ ಕೊಡುವ ಹಾಗಿಲ್ಲ. ಹಾಗಾಗಿ ಫೋನು ಮಾಡುವವ ವಿಶ್ವವಿದ್ಯಾನಿಲಯದವನೋ ಕಂಪೆನಿಯವನೋ ಕೇಳಲಿ. ಯುಜಿಸಿಯ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರು, ಆ ವರ್ಷ ಎರಡೂ ಇದೆಯೋ ನೋಡಲಿ. ಪರೀಕ್ಷೆ ಎಲ್ಲಿ ಎಂದಂತೂ ಮೊದಲೇ ಕೇಳಲಿ.

“ಅದನ್ನು ಅವ ಕೇಳಿದ್ದಾನೆ. ಮನೆಯಲ್ಲೇ ಅಂತೆ. ಕಂಪ್ಯೂಟರಿನ ಕ್ಯಾಮರಾ ನೋಡ್ತಾ ಇರ್ತದಂತೆ, ಆಚೆ ಈಚೆ ತಿರುಗ್ಲಿಕ್ಕೆ ಇಲ್ಲ, ಕೋಣೆಗೆ ಬೇರೆಯವರು ಬರ್ಲಿಕ್ಕೆ ಇಲ್ಲ.”

“ಮತ್ತೆಂತ? ಒಳ್ಳೆಯದೇ ಅಲ್ವಾ?”

“ಒಳ್ಳೆಯದೇ. ಆದ್ರೆ ಜೂನಿನಲ್ಲಿ ಪರೀಕ್ಷೆ ಇಟ್ರೆ ನಮ್ಮ ಮನೆಯಲ್ಲಿ ಕರೆಂಟು ಇರ್ತದಾ ಅಂತ ಅವರು ಯಾರಲ್ಲಿ ಕೇಳ್ತಾರೆ ಮಾಷ್ಟ್ರೆ?”