ಬಿಸಿಲು ಇಳಿದ ಮ್ಯಾಲೆ ನೋಡೋಣ್ರಿ

ಗೋಕಾಕದಿಂದ ಮೂಡಲಗಿ ಈಶಾನ್ಯಕ್ಕಿದೆ, ಹುಕ್ಕೇರಿ ಪಶ್ಚಿಮಕ್ಕಿದೆ. ಊರು ಕಟ್ಟಿದವರು ಬೇಕೆಂದೇ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಮುಂಜಾನೆ ಮೂಡಲಗಿಗೆ ಹೊರಟವನ ಕಣ್ಣಿಗೆ ಏರುವ ಸೂರ್ಯ ಎದುರಾಗುತ್ತಾನೆ, ಮಧ್ಯಾಹ್ನದ ಮೇಲೆ ಹುಕ್ಕೇರಿಗೆ ಹೊರಟವನ ಕಣ್ಣಿಗೆ ಇಳಿಯುವ ಸೂರ್ಯ ಎದುರಾಗುತ್ತಾನೆ. ಬಿಸಿಲು ಬೆನ್ನಿಗಿರಬೇಕೆಂದರೆ ಮುಂಜಾನೆ ಹುಕ್ಕೇರಿ, ಸಂಜೆ ಮೂಡಲಗಿ ಮಾಡಬೇಕು. ಈ ಭೂಗೋಳವನ್ನು ನಮ್ಮ ಮಾಲಕರಿಗೆ ಬಿಡಿಸಿ ಹೇಳಿದೆ. ಅವರು ಪಂಪ್‌ಸೆಟ್ ಅಂಗಡಿಯ ಫ್ಯಾನಿನ ಕೆಳಗೆ ಕೂತು ಕೇಳಿದರು. ಕೇಳಿ, “ಮೂಡಲಗಿ ಗೌಡ್ರು ಮುಂಜಾನೆ ಸಿಗತಾರ, ಹುಕ್ಕೇರಿ ಸಾಹೇಬ್ರು ಸಂಜಿಕ ಸಿಗತಾರ. ಸೂರ್ಯ ಯಾವಾಗರ ಸಿಗತಾನ” ಎಂದರು.

ಅಂಗಡಿಯಲ್ಲಿ ನನ್ನ ನೌಕರಿಗೆ ‘ಹೊರಗಿನ ಕೆಲಸ’ ಎಂದು ಹೆಸರು. ಫ್ಯಾನಿನ ಕೆಳಗೆ ನಡೆಯುವುದು ಒಳಗಿನ ಕೆಲಸ, ಉಳಿದದ್ದೆಲ್ಲ ಹೊರಗಿನದು. ಬಾಕಿ ವಸೂಲಿ, ಬಿಡಿಭಾಗ ಮುಟ್ಟಿಸುವುದು, ಸಹಿ, ಶಿಕ್ಕಾ, ಮಾಲಕರ ಮನೆಯ ಮಿಕ್ಸರ್ ರಿಪೇರಿ ಎಲ್ಲವೂ ಅದರೊಳಗೇ ಬರುತ್ತವೆ. ಮೇ ತಿಂಗಳ ಮೊದಲ ವಾರದ ಒಂದು ಮುಂಜಾನೆ ಕೈಗೆ ಬಂದ ಚೀಟಿ ಹೀಗಿತ್ತು: ಮೂಡಲಗಿಯ ಗಿರಾಕಿಯೊಬ್ಬರಿಗೆ ಪಂಪಿನ ಇಂಪೆಲ್ಲರ್ ಮುಟ್ಟಿಸಿ ಹಳೇ ಬಾಕಿ ತರುವುದು; ಹೊಳ್ಳಿ ಬಂದು ಗೋಕಾಕದ ಕಚೇರಿಯೊಂದರಲ್ಲಿ ಕಾಗದಕ್ಕೆ ಶಿಕ್ಕಾ ಹಾಕಿಸುವುದು; ಅದೇ ಕಾಗದಕ್ಕೆ ಹುಕ್ಕೇರಿಯಲ್ಲಿ ಸಾಹೇಬರೊಬ್ಬರ ಸಹಿ ಮಾಡಿಸುವುದು; ಅಲ್ಲೇ ಇರುವ ಮಾಲಕರ ಅಕ್ಕನ ಮನೆಗೆ ಕರದಂಟು ಕೊಡುವುದು. ಅಕ್ಕನ ಮಗಳು ಬಾಣಂತಿ. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲ ಕೂಡಿದ ನಮ್ಮೂರ ಕರದಂಟು ಮೈಗೆ ಉಷ್ಣ, ಬಾಣಂತಿಗೆ ಒಳ್ಳೆಯದು ಅನ್ನುತ್ತಾರೆ. ಹೀಗೆ ಮೇ ತಿಂಗಳಲ್ಲಿ ಹುಕ್ಕೇರಿಗೆ ಹೊರಗಿನಿಂದ ಉಷ್ಣ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೊರಡುವಾಗ ಅವ್ವ ನನ್ನ ಕಿಸೆಗೆ ಒಂದು ಉಳ್ಳಾಗಡ್ಡಿ ಹಾಕಿದಳು. ಕಿಸೆಯಲ್ಲಿ ಉಳ್ಳಾಗಡ್ಡಿ ಇದ್ದರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಬಿಸಿಲಿಗೆ ಅದರ ಪರಿವೆ ಇತ್ತೋ ಇಲ್ಲವೋ, ಮಧ್ಯಾಹ್ನದ ಹೊತ್ತಿಗೆ ಮಂದಿಗೆ ಮಾತ್ರ ಇತ್ತು. ಕಚೇರಿಯ ಪಾಳಿಯಲ್ಲಿ ನನ್ನ ಹಿಂದೆ ಮುಂದೆ ಗಾಳಿ ಆಡುವಷ್ಟು ಜಾಗ ತಾನಾಗಿ ಸಿಕ್ಕಿತು.

ಮೊಬೈಲು 40 ಡಿಗ್ರಿ ಎಂದು ತೋರಿಸುತ್ತಿತ್ತು. ಈ ಅಂಕಿಯ ಮೇಲೆ ನನ್ನದೊಂದು ತಕರಾರಿದೆ. ಹವಾಮಾನ ಇಲಾಖೆಯವರು ಉಷ್ಣಾಂಶ ಅಳೆಯುವುದು ಬಿಳಿ ಬಣ್ಣ ಹಚ್ಚಿದ, ಗಾಳಿ ಆಡುವ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಥರ್ಮಾಮೀಟರಿಗೆ ಬಿಸಿಲು ತಾಗದ ಹಾಗೆ. ಅಂದರೆ ಪೇಪರಿನಲ್ಲಿ ಬರುವ 40 ಡಿಗ್ರಿ, ನೆರಳಲ್ಲಿ ಆರಾಮ ಕೂತ ಥರ್ಮಾಮೀಟರಿನ ಅನುಭವ. ನಾನು ಕೂತದ್ದು ಬೈಕಿನ ಮೇಲೆ, ಹೆಂಚಿನ ಮೇಲಿನ ರೊಟ್ಟಿಯ ಹಾಗೆ. ಇನ್ನೊಂದು ಸಂಗತಿ. ಬಯಲು ಪ್ರದೇಶದಲ್ಲಿ ಶಾಖದ ಅಲೆ ಎಂದು ಸಾರಬೇಕಾದರೆ 40 ಡಿಗ್ರಿ ಮುಟ್ಟಿದರೆ ಸಾಲದು, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು. ಇಲ್ಲವೇ ಸೀದಾ 45 ಆಗಬೇಕು. ನಮ್ಮ ವಾಡಿಕೆಯೇ 40ರ ನೆರೆಮನೆಯಲ್ಲಿರುವುದರಿಂದ ನಮಗೆ ಆ ಗೌರವ ಸಿಗುವುದು ಕಷ್ಟ. ಅಪರೂಪಕ್ಕೆ ಸುಟ್ಟುಕೊಂಡವನಿಗೆ ಎಚ್ಚರಿಕೆಯ ಸಂದೇಶ ಬರುತ್ತದೆ, ದಿನಾ ಸುಟ್ಟುಕೊಳ್ಳುವವನಿಗೆ ‘ವಾಡಿಕೆಯಂತೆ ಒಣಹವೆ’ ಬರುತ್ತದೆ.

ಮೂಡಲಗಿ 2018ರಲ್ಲಿ ತಾಲ್ಲೂಕಾಯಿತು. ಅದಕ್ಕೂ ಮೊದಲು ಗೋಕಾಕ ತಾಲ್ಲೂಕಿನೊಳಗೇ ಇತ್ತು. ಆಗ ಅಲ್ಲಿಯವರು ಕಚೇರಿ ಕೆಲಸಕ್ಕೆ ಬಿಸಿಲಲ್ಲಿ ಗೋಕಾಕಕ್ಕೆ ಬರುತ್ತಿದ್ದರು. ಈಗ ಆ ಋಣ ತೀರಿಸಲು ನಾನು ಬಿಸಿಲಲ್ಲಿ ಅಲ್ಲಿಗೆ ಹೋಗುತ್ತೇನೆ. ದಾರಿಯ ಎರಡೂ ಬದಿಗೆ ಕಬ್ಬು. ಕಬ್ಬು ದೂರದಿಂದ ಹಸಿರು, ತಂಪು ಎಂದು ಕಾಣುತ್ತದೆ. ಹತ್ತಿರ ಹೋದವನಿಗೆ ಗೊತ್ತು: ಅದು ನೆರಳನ್ನೂ ಕೊಡುವುದಿಲ್ಲ, ಆಡುವ ಗಾಳಿಯನ್ನೂ ಬಿಡುವುದಿಲ್ಲ.

ಗೌಡರು ಬೇವಿನ ಗಿಡದ ಬುಡಕ್ಕೆ ಹೊರಸು ಹಾಕಿಕೊಂಡು ಮಲಗಿದ್ದರು. “ಬರ್ರಿ ಬರ್ರಿ, ಎಂಥಾ ಬಿಸಲಾಗ ಬಂದ್ರೆಪಾ!” ಎನ್ನುತ್ತ ಎದ್ದು ಕೂತರು. ತಂಬಿಗೆಯಲ್ಲಿ ಹರವಿಯ ನೀರು ಬಂತು, ಜೊತೆಗೆ ಬೆಲ್ಲ ಬಂತು. ಉಪ್ಪು, ಜೀರಗಿ ಹಾಕಿದ ಮಜ್ಜಿಗೆ ಬಂತು. ಅದರ ಬೆನ್ನಿಗೇ ಚಾ ಬಂತು. ನಮ್ಮ ಕಡೆ 40 ಡಿಗ್ರಿಯಲ್ಲಿ ಚಾ ಬೇಡ ಅನ್ನುವವನಿಗೆ, “ಯಾಕ್ರೀ, ಮೈಯಾಗ ಆರಾಮಿಲ್ಲೇನು?” ಎಂದು ಕೇಳುತ್ತಾರೆ. ಬರದೇ ಇದ್ದದ್ದು ಬಾಕಿ ಒಂದೇ.

“ಗೌಡ್ರ, ಆ ಹಳೇ ಲೆಕ್ಕದ್ದು...” ಎಂದೆ.

“ಇಂಥಾ ಬಿಸಲಾಗ ಎಂಥಾ ಮಾತು ತಗದ್ರಿ! ತಲಿ ಕಾದೈತಿ. ಬಿಸಿಲು ಇಳಿದ ಮ್ಯಾಲೆ ನೋಡೋಣ್ರಿ.”

“ಸಂಜಿಕ ಬರಲೇನ್ರಿ ಮತ್ತ?”

“ಸಂಜಿಕಲ್ಲೋ ತಮ್ಮಾ, ಜೂನ್ ತಿಂಗಳದಾಗ.”

ಕಾರ್ಖಾನೆಯಿಂದ ಗೌಡರಿಗೆ ಬರಬೇಕಾದ ಕಬ್ಬಿನ ಬಿಲ್ಲಿನ ವಿಚಾರವನ್ನು ನಾನು ಎತ್ತಲಿಲ್ಲ. ಬಿಲ್ಲು ಬಂದಿಲ್ಲ ಎಂಬ ಮಾತು ನಮ್ಮ ಕಡೆ ನಿಜವಿರುವ ಸಂಭವವೇ ಹೆಚ್ಚು. ನಿಜದ ಎದುರು ವಸೂಲಿಗಾರ ನಿಲ್ಲಬಾರದು. ಬದಲಿಗೆ ಪಂಪು ಹೇಗೆ ನಡೆದಿದೆ ಎಂದು ಕೇಳಿದೆ. ಅದು ಇನ್ನೂ ಕೆಡುಕಾಯಿತು. “ಬೋರಿನ್ಯಾಗ ನೀರು ಪಾತಾಳಕ್ಕ ಹೋಗ್ಯಾವ. ನಿಮ್ಮ ಪಂಪು ತಿಂಗಳಾತು, ಬರೇ ಗಾಳಿ ಎತ್ತಾಕತ್ತೈತಿ. ಗಾಳಿಗೂ ರೊಕ್ಕಾ ಕೊಡಲೇನು?” ಇಂಪೆಲ್ಲರ್ ಮಾತ್ರ ಇಸಿದುಕೊಂಡರು. ಅದರ ಲೆಕ್ಕವೂ ಜೂನ್ ತಿಂಗಳಿಗೇ ಹೋಯಿತು.

ಒಳ್ಳೆಯವರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು ಎನ್ನುವುದು ನಮ್ಮ ಹಿರಿಯರ ಮಾತು. ಮೇ ತಿಂಗಳ ಗೋಕಾಕ ಸೀಮೆಯಲ್ಲಿ ಅಂಥ ಹೊತ್ತು ನಸುಕಿನಲ್ಲಿ ಒಂದಿಷ್ಟು ಸಿಗುತ್ತದೆ. ಆಗ ನೆನೆಯುವವನೂ ನಿದ್ದೆಯಲ್ಲಿರುತ್ತಾನೆ, ನೆನೆಸಿಕೊಳ್ಳಬೇಕಾದವನೂ ನಿದ್ದೆಯಲ್ಲಿರುತ್ತಾನೆ. ಬಾಕಿ ಉಳಿದವರನ್ನು ಮಾತ್ರ ಸುಡುವ ಹೊತ್ತಿನಲ್ಲೇ ನೆನೆಯಬೇಕಾಗುತ್ತದೆ. ಆದರೂ ಗೌಡರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಎಲ್ಲಿಯೂ ‘ಇಲ್ಲ’ ಅಂದಿರಲಿಲ್ಲ. ನಮ್ಮ ಕಡೆ ಯಾರೂ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವುದಿಲ್ಲ. ಆ ಮಾತನ್ನು ಬೇಸಿಗೆಯಲ್ಲಿ ಬಿಸಿಲಿನ ಕೈಲಿ ಹೇಳಿಸುತ್ತಾರೆ. ಕೊಡಬೇಕಾದವನ ಮರ್ಯಾದೆ ಉಳಿಯುತ್ತದೆ, ಕೇಳಬಂದವನ ಹೊಟ್ಟೆಯೊಳಗೆ ಮಜ್ಜಿಗೆ ಉಳಿಯುತ್ತದೆ.

ಗೋಕಾಕಕ್ಕೆ ಹೊಳ್ಳಿದಾಗ ಹನ್ನೆರಡೂವರೆ. ಬೈಕು ನಿಲ್ಲಿಸಲು ನೆರಳು ಹುಡುಕಿದರೆ ಊರಿನಲ್ಲಿ ನೆರಳೇ ಇರಲಿಲ್ಲ. ಇದು ಉತ್ಪ್ರೇಕ್ಷೆ ಅಲ್ಲ, ಖಗೋಳ. ಗೋಕಾಕ ಭೂಮಧ್ಯರೇಖೆಯಿಂದ 16 ಡಿಗ್ರಿಗಿಂತ ತುಸು ಉತ್ತರಕ್ಕಿದೆ. ಉತ್ತರಕ್ಕೆ ಸರಿಯುವ ಸೂರ್ಯ ಮೇ 5ರ ಸುಮಾರಿಗೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿಗೆ ನೆಟ್ಟಗೆ ನಿಂತ ಕಂಬದ ನೆರಳು ಕಂಬದ ಬುಡ ಬಿಟ್ಟು ಆಚೆ ಬರುವುದಿಲ್ಲ. ಮುಂಜಾನೆಯಿಂದ ನನ್ನ ಜೊತೆ ತಿರುಗಿದ ನೆರಳೂ ಕಚೇರಿಯ ಬಾಗಿಲಲ್ಲಿ ನನ್ನ ಚಪ್ಪಲಿಯ ಅಡಿಗೆ ಸೇರಿಕೊಂಡಿತು. ಊರಿನಲ್ಲಿ ಉಳಿದ ಒಂದೇ ನೆರಳು ನನ್ನ ಬೈಕಿನ ಕೆಳಗಿನದು. ಅಲ್ಲಿ ಒಂದು ನಾಯಿ ಬಂದು ಮಲಗಿತು. ಮುಂದೆ ಹೊರಡುವಾಗ ನಾನು ಅದರ ಅಪ್ಪಣೆ ಕೇಳಬೇಕಾಯಿತು.

ಕಚೇರಿಗಳ ಮಾತು ಬಂತೆಂದು ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಸರಕಾರ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ನಮ್ಮ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗೂ ಕಚೇರಿ ವೇಳೆ ಬದಲಿಸುತ್ತದೆ: ಮುಂಜಾನೆ 8ರಿಂದ ಮಧ್ಯಾಹ್ನ 1.30. ಬೆಳಗಾವಿ ಜಿಲ್ಲೆಗೆ ಈ ಭಾಗ್ಯವಿಲ್ಲ. ಜಿಲ್ಲೆಯ ಹೆಸರು ಬೆಳಗಾವಿ. ಆ ಊರು ಎತ್ತರದಲ್ಲಿದೆ, ಸಂಜೆಗೆ ತಣ್ಣನೆ ಗಾಳಿ ಬಿಡುತ್ತದೆ. ಅದೇ ಜಿಲ್ಲೆಯ ಖಾನಾಪುರದಲ್ಲಿ ಸಹ್ಯಾದ್ರಿಯ ಕಾಡಿದೆ. ಆ ತಂಪನ್ನು ಕಾಗದದ ಮೇಲೆ ನಮಗೂ ಹಂಚಿದ್ದಾರೆ. ಮೂಡಲಗಿ ತಾಲ್ಲೂಕಿನ ಗಡಿ ದಾಟಿದರೆ ಬಾಗಲಕೋಟೆ ಜಿಲ್ಲೆ. ಅಲ್ಲಿಯ ಗುಮಾಸ್ತ ಒಂದೂವರೆಗೆ ಮನೆಗೆ ಹೋಗಿ ಮಾವಿನಹಣ್ಣಿನ ಸೀಕರಣೆ ಉಣ್ಣುತ್ತಿರುವಾಗ ನಮ್ಮ ಗುಮಾಸ್ತ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿರುತ್ತಾನೆ. ಗಡಿ ಎಲ್ಲಿದೆ ಎಂದು ಬಿಸಿಲಿಗೆ ಯಾರೂ ನಕಾಶೆ ತೋರಿಸಿಲ್ಲ.

ನಮ್ಮ ಗುಮಾಸ್ತರು ಕಾಗದ ತೆಗೆದುಕೊಂಡು ಶಿಕ್ಕಾ ಎತ್ತಿ ಒತ್ತಿದರು. ಏನೂ ಮೂಡಲಿಲ್ಲ. ಶಾಯಿಯ ಪ್ಯಾಡು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಶಾಯಿ ತರಲು ಸಿಪಾಯಿ ಹೋಗಬೇಕು, ಸಿಪಾಯಿ ಊಟಕ್ಕೆ ಹೋಗಿದ್ದ. “ಬಿಸಿಲು ಇಳಿದ ಮ್ಯಾಲೆ...” ಎಂದು ಅವರು ಶುರು ಮಾಡುವಷ್ಟರಲ್ಲಿ, ಬಗ್ಗಿ ನೋಡುತ್ತಿದ್ದ ನನ್ನ ಹಣೆಯಿಂದ ಹನಿಗಳು ಉದುರಿ ಪ್ಯಾಡಿನ ಮೇಲೆ ಬಿದ್ದವು. ಗುಮಾಸ್ತರು ಮಾತು ನಿಲ್ಲಿಸಿ ಶಿಕ್ಕಾವನ್ನು ಪ್ಯಾಡಿಗೆ ತಿಕ್ಕಿ ಇನ್ನೊಮ್ಮೆ ಒತ್ತಿದರು. ಮುದ್ರೆ ಸ್ಪಷ್ಟವಾಗಿ ಮೂಡಿತು. ಸರಕಾರಿ ಕೆಲಸಕ್ಕೆ ಬೆವರು ಸುರಿಸಿದ್ದೇನೆ ಎಂದು ಭಾಷಣದಲ್ಲಿ ಹೇಳುವವರು ಬಹಳ. ದಾಖಲೆ ಇರುವುದು ನನ್ನ ಹತ್ತಿರ.

ಕರದಂಟು ಕಟ್ಟಿಸಿಕೊಂಡು ಪಶ್ಚಿಮಕ್ಕೆ ತಿರುಗಿದೆ. ದಾರಿಯಲ್ಲಿ ಗೋಕಾಕ ಫಾಲ್ಸ್. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಜಾಗ ಇದು. 1887ರಷ್ಟು ಹಿಂದೆಯೇ ಇಲ್ಲಿ ನೀರಿನ ಬಲದಿಂದ ಹತ್ತಿ ಗಿರಣಿ ನಡೆಸಿದರು. ಮೇ ತಿಂಗಳಲ್ಲಿ ಅಲ್ಲಿ ಉಳಿಯುವುದು ಆ 52 ಮೀಟರ್ ಮಾತ್ರ. ಧುಮುಕುವ ಪಾತ್ರಧಾರಿ ಇರುವುದಿಲ್ಲ. ದೂರದ ಊರಿನಿಂದ ಕಾರು ಮಾಡಿಕೊಂಡು ಬಂದ ಒಂದು ಕುಟುಂಬ ಬಂಡೆಯನ್ನೇ ದಿಟ್ಟಿಸಿ ನೋಡುತ್ತ ನಿಂತಿತ್ತು. ಮನೆಯ ಯಜಮಾನರು ಐಸ್‌ಕ್ರೀಮಿನವನಿಗೆ, “ನೀರೆಲ್ಲಿ?” ಎಂದು ಅವನೇ ಬಚ್ಚಿಟ್ಟವನೆಂಬಂತೆ ಕೇಳಿದರು. “ಆಗಸ್ಟ್‌ದಾಗ ಬರ್ರಿ ಸರ್” ಎಂದ ಅವನು. ಫಾಲ್ಸ್ ಕೂಡ ನಮ್ಮ ಸೀಮೆಯದೇ ಅಲ್ಲವೇ! ಇಲ್ಲ ಅನ್ನುವುದಿಲ್ಲ, ಬಿಸಿಲು ಇಳಿದ ಮೇಲೆ ಅನ್ನುತ್ತದೆ.

ಕೊಣ್ಣೂರು, ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟುವ ತನಕ ಸೂರ್ಯ ಮತ್ತು ನಾನು ಮುಖಾಮುಖಿ. ಸಾಹೇಬರು ಮಲಗಿದ್ದರು, ಏಳುವ ವೇಳೆ ಯಾರಿಗೂ ಗೊತ್ತಿರಲಿಲ್ಲ. ಕಾಯಲು ಗುಮ್ಮಟಕ್ಕೆ ಹೋದೆ. ಹುಕ್ಕೇರಿಯಲ್ಲಿ ವಿಜಯಪುರದ ಸುಲ್ತಾನರ ಕಾಲದ ಕಲ್ಲಿನ ಗುಮ್ಮಟಗಳಿವೆ. ಗೋಡೆ ದಪ್ಪ, ಚಾವಣಿ ಎತ್ತರ. ಹೊರಗೆ ಬೆಂಕಿ ಬಿದ್ದರೂ ಒಳಗೆ ತಣ್ಣಗೆ. ನನಗಿಂತ ಮೊದಲೇ ಬುದ್ಧಿ ಬಂದ ಆಡುಗಳು, ಒಬ್ಬ ಮುದುಕ, ಟೆಸ್ಟಿಗೆ ಓದುವ ಹುಡುಗರು ಗೋಡೆಗೆ ಒರಗಿದ್ದರು. ಬದುಕಿದ್ದವರಿಗೆ ತಗಡಿನ ಮನೆ, ಸತ್ತವರಿಗೆ ಗುಮ್ಮಟ. ನಮ್ಮ ಪೂರ್ವಿಕರಿಗೆ ವಾಸ್ತುಶಿಲ್ಪ ತಿಳಿದಿತ್ತು, ಅದನ್ನು ಯಾವಾಗ ಬಳಸಬೇಕೆಂಬುದು ಮಾತ್ರ ತುಸು ಹಿಂದೆಮುಂದೆ ಆಗಿತ್ತು.

ಸಾಹೇಬರು ಎದ್ದರು. ಅವರ ಮನೆಯ ಫ್ಯಾನು ಭರ್ರನೆ ತಿರುಗುತ್ತಿತ್ತು. ಹುಕ್ಕೇರಿಯ ಕಡೆ ಮನೆಮನೆಗೆ ಕರೆಂಟು ಹಂಚುವುದು ಜನರೇ ಸದಸ್ಯರಾಗಿರುವ ಸಹಕಾರಿ ಸಂಘ. 1969ರಿಂದ ನಡೆದಿದೆ, ರಾಜ್ಯದಲ್ಲಿ ಇಂಥದ್ದು ಇದೊಂದೇ. ಸಹಕಾರ ತತ್ವದ ಮೇಲೆ ಶಾಲೆಯಲ್ಲಿ ನಾನು ಪ್ರಬಂಧ ಬರೆದು ಕೈಬಿಟ್ಟಿದ್ದೆ. ಆ ಫ್ಯಾನಿನ ಕೆಳಗೆ ನನಗೆ ಅದರ ಮೇಲೆ ಹೊಸದಾಗಿ ಭಕ್ತಿ ಹುಟ್ಟಿತು. ಸಾಹೇಬರು ಚಷ್ಮಾ ಹಾಕಿದರು, ಬೆವರಿಗೆ ಅದು ಮೂಗಿನಿಂದ ಜಾರಿತು. ಏರಿಸಿದರು, ಜಾರಿತು. “ಇದನ್ನ ಓದಬೇಕಂದ್ರ ಬಿಸಿಲು ಇಳೀಬೇಕು” ಎಂದರು. ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ, “ಓದದs ಸಹಿ ಹಾಕಾಕ ಬಿಸಲಿನ ತ್ರಾಸಿಲ್ಲ” ಎಂದು ಹಾಕಿಯೇ ಬಿಟ್ಟರು. ಆ ದಿನ ಬಿಸಿಲಿನಿಂದ ಆದ ಒಂದೇ ಉಪಕಾರ ಅದು.

ಅಕ್ಕನ ಮನೆಯಲ್ಲಿ ಡಬ್ಬಿ ತೆರೆದಾಗ ಕರದಂಟಿನ ತುಂಡುಗಳು ಭೇದಭಾವ ಮರೆತು ಒಂದೇ ಗಡ್ಡೆಯಾಗಿದ್ದವು. ಅಕ್ಕ ಅದನ್ನು ಒತ್ತಿ ನೋಡಿ, “ಇಂಥಾ ಬಿಸಲಾಗ ಇಂಥಾ ಉಷ್ಣ ಯಾರು ತಿಂತಾರೋ? ಮಳಿ ಬಿದ್ದ ಮ್ಯಾಲೆ ಕಳಸು ಅಂತ ಹೇಳಿದ್ದೆ ನಿಮ್ಮ ಮಾಲಕಗ” ಎಂದಳು. ಡಬ್ಬಿಯನ್ನು ಮಾತ್ರ ಹೊಳ್ಳಿ ಕೊಡಲಿಲ್ಲ. ಚಾ ಕೊಟ್ಟಳು.

ಅವತ್ತು ರಾತ್ರಿ ಗುಡುಗು ಮಿಂಚಿನೊಡನೆ ಅಡ್ಡಮಳೆ ಹೊಡೆಯಿತು. ಮುಂಜಾನೆ ಊರು ತಂಪಾಗಿತ್ತು, ಮಾಲಕರು ಹುರುಪಿನಲ್ಲಿದ್ದರು. “ಬಿಸಿಲು ಇಳಿದೈತಿ, ಗೌಡ್ರಿಗೆ ಫೋನ್ ಹಚ್ಚು” ಎಂದರು. ಹಚ್ಚಿದೆ.

“ಗೌಡ್ರ, ತಂಪಾತಲ್ರೀ. ಆ ಲೆಕ್ಕದ್ದು...”

“ಮಳಿ ಆತಲ್ಲೋ ತಮ್ಮಾ! ಇನ್ನ ಬೀಜ ತರಬೇಕು, ಗೊಬ್ಬರ ತರಬೇಕು. ಬಿತ್ತೂ ಹೊತ್ತಿನ್ಯಾಗ ಯಾರರ ಬಾಕಿ ಕೇಳತಾರೇನು?” ಎಂದು ಫೋನ್ ಇಟ್ಟುಬಿಟ್ಟರು.

ಸುದ್ದಿ ಮುಟ್ಟಿಸಿದೆ. ಮಾಲಕರು ತುಸು ಹೊತ್ತು ಫ್ಯಾನು ನೋಡಿದರು. “ಫೋನಿನ್ಯಾಗ ಆಗೂದಿಲ್ಲ. ಖುದ್ದ ಹೋಗಿ ಬಾ” ಎಂದರು. ನಾನು ಎರಡು ದಿನ ತಡೆಯಿರಿ, ಮತ್ತೆ ಬಿಸಿಲು ಬೀಳಲಿ ಎಂದೆ. ಕೊಡದೇ ಇರುವುದಂತೂ ಖಾತ್ರಿ. ಬಿಸಿಲಲ್ಲಿ ಹೋದರೆ ಮಜ್ಜಿಗೆಯಾದರೂ ಸಿಗುತ್ತದೆ.