ಅಲ್ಪವರಮಾನದ ಗೃಹಸ್ಥನ ಅವಧಿಪೂರ್ವ ಋಣವಿಮೋಚನೆ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ, ಅಥವಾ ಪರಿಪ್ರೇಕ್ಷ್ಯದ ಪರಿಪ್ರೇಕ್ಷ್ಯ

ಮನೆಸಾಲವನ್ನು ಅವಧಿಗೆ ಮುನ್ನವೇ ತೀರಿಸುವುದೆಂಬುದು ಕೇವಲ ಆರ್ಥಿಕ ಕ್ರಿಯೆಯಲ್ಲ. ಅದೊಂದು ಬಹುಆಯಾಮದ ಸಂಕಥನ. ಋಣಿ ಮತ್ತು ಋಣದಾತರ ನಡುವಣ ಅಧಿಕಾರ ಸಂಬಂಧಗಳ ನೆಲೆಯಲ್ಲಿ, ಅಂಚಿಗೆ ತಳ್ಳಲ್ಪಟ್ಟ ಸಂಬಳದ ಅನನ್ಯತೆಯನ್ನು ಮುಖಾಮುಖಿಯಾಗಿಸುತ್ತ, ಕಂತಿನ ಜ್ಞಾನಮೀಮಾಂಸೆಯನ್ನು ನಿರಚನಗೊಳಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ.

ಮೇಲಿನ ವಾಕ್ಯದ ಅರ್ಥ ನನಗೂ ಗೊತ್ತಿಲ್ಲ. ಮೈಸೂರಿನ ಒಂದು ಡಿಟಿಪಿ ಅಂಗಡಿಯಲ್ಲಿ 22 ವರ್ಷದಿಂದ ಪಿಎಚ್.ಡಿ. ಪ್ರಬಂಧಗಳ ಕರಡು ತಿದ್ದುತ್ತಿದ್ದೇನೆ. ಇಂಥ ಸಾವಿರಾರು ವಾಕ್ಯಗಳ ಒತ್ತಕ್ಷರ ಸರಿಮಾಡಿದ್ದೇನೆ. ಅರ್ಥ ಸರಿಮಾಡು ಎಂದು ಈವರೆಗೆ ಯಾರೂ ದುಡ್ಡು ಕೊಟ್ಟಿಲ್ಲ.

ಸಂಶೋಧನೆಯ ಪ್ರೇರಣೆ ಇಷ್ಟು: ಕಳೆದ ತಿಂಗಳು ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ‘ಆರ್ಥಿಕ ಸಾಕ್ಷರತೆ’ ಕುರಿತು ಉಪನ್ಯಾಸವಿತ್ತು. ಉಪನ್ಯಾಸಕರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಅವರು ಮೈಕು ಹಿಡಿದು, “ಬಡವರಿಗೆ ಇಲ್ಲದಿರುವುದು ಹಣವಲ್ಲ, ಶಿಸ್ತು” ಎಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕ ಕೂತಿದ್ದ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. ಅವಳ ಕೈ ಖಾಲಿ ಇರಲಿಲ್ಲ. ಮಡಿಲಲ್ಲಿ ಯಾರದೋ ಮದುವೆಯ ರೇಷ್ಮೆ ಸೀರೆ ಇಟ್ಟುಕೊಂಡು, ಮಂಟಪದ ಅರೆಬೆಳಕಿನಲ್ಲೇ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು.

2. ಶಬ್ದಮೀಮಾಂಸೆ

‘ಕಂತು’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಮೂರು ಅರ್ಥ. ಮೊದಲನೆಯದು ಮನ್ಮಥ. ಎರಡನೆಯದು ಮುಳುಗು, ಹೊತ್ತು ಕಂತಿತು ಎಂಬಲ್ಲಿನ ಹಾಗೆ. ಮೂರನೆಯದು ತಿಂಗಳ ಐದನೇ ತಾರೀಕು ಖಾತೆಯಿಂದ ಹೋಗುವಂಥದ್ದು. ಮೊದಲು ಆಸೆ, ಆಮೇಲೆ ಮುಳುಗು, ಕೊನೆಗೆ ಕಟ್ಟು: ಗೃಹಸಾಲದ ಸಮಗ್ರ ಇತಿಹಾಸವನ್ನು ನಮ್ಮ ಹಿರಿಯರು ಎರಡೇ ಅಕ್ಷರದಲ್ಲಿ ಅಡಕಮಾಡಿ ಹೋಗಿದ್ದಾರೆ.

‘ಬಡ್ಡಿ’ ಎಂಬುದು ‘ವೃದ್ಧಿ’ಯ ತದ್ಭವ. ಯಾರ ವೃದ್ಧಿ ಎಂದು ವ್ಯಾಕರಣ ಹೇಳುವುದಿಲ್ಲ. ‘ಅಸಲು’ ಅರಬ್ಬಿಯಿಂದ ಬಂದದ್ದು. ಅದಕ್ಕೆ ಮೂಲ, ನಿಜ ಎಂಬ ಅರ್ಥಗಳಿವೆ. ಆದ್ದರಿಂದಲೇ ನನ್ನ ಹೆಂಡತಿ ಪ್ರತಿ ತಿಂಗಳು ಕೇಳುವ “ರೀ, ಅಸಲಿಗೆ ಎಷ್ಟು ಹೋಯ್ತು?” ಎಂಬ ಪ್ರಶ್ನೆ ಲೆಕ್ಕದ್ದೂ ಹೌದು, ವೇದಾಂತದ್ದೂ ಹೌದು.

3. ಪೂರ್ವಪಕ್ಷ ಖಂಡನೆ

ಅಲ್ಪವರಮಾನದವನು ಬೇಗ ಸಾಲ ತೀರಿಸುವ ಬಗೆಯನ್ನು ಕುರಿತು ಪಂಡಿತರಲ್ಲಿ ನಾಲ್ಕು ಪಂಥಗಳಿವೆ.

(ಅ) ಕಾಫಿವಾದ. ದಿನಕ್ಕೊಂದು ಕಾಫಿ ಬಿಟ್ಟರೆ ಸಾಲ ತಾನೇ ಕರಗುತ್ತದೆ ಎಂಬುದು ಇವರ ಮತ. ನಾನೂ ಬೈಂಡಿಂಗ್ ಮಾಡುವ ಗೆಳೆಯನೂ ಕುಡಿಯುವುದು ಬೈ-ಟು. ನನ್ನ ಪಾಲಿಗೆ 10 ರೂಪಾಯಿ, 26 ದಿನಕ್ಕೆ 260. ನಾನು ಬಿಟ್ಟರೆ ಇಡೀ ಲೋಟದ ದುಡ್ಡು ಗೆಳೆಯನ ತಲೆಗೆ ಬೀಳುತ್ತದೆ. ನನ್ನ ಋಣಮುಕ್ತಿ ಅವನ ಋಣಭಾರವಾಗುತ್ತದೆ. ಮೊದಲೇ ಅರ್ಧವಾಗಿರುವುದರಲ್ಲಿ ಬಿಡುವುದೇನು ಎಂಬುದಕ್ಕೆ ಕಾಫಿವಾದಿಗಳಲ್ಲಿ ಸಮಾಧಾನವಿಲ್ಲ.

(ಆ) ಹಾಸಿಗೆವಾದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೇ ಇವರ ಮೂಲಗ್ರಂಥ. ಈಗಾಗಲೇ ಮಂಡಿ ಮಡಚಿ ಮಲಗಿರುವವನು ಇನ್ನೆಷ್ಟು ಮಡಚಬೇಕು ಎಂಬ ಬಗ್ಗೆ ಗ್ರಂಥ ಮೌನವಾಗಿದೆ.

(ಇ) ತೆರಿಗೆವಾದ. ಸಾಲ ಬೇಗ ತೀರಿಸಲೇಬೇಡಿ, ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಸಿಗುವ ವಿನಾಯಿತಿ ತಪ್ಪುತ್ತದೆ ಎಂದು ಇವರು ಮರುಗುತ್ತಾರೆ. ನನ್ನ ಸಂಬಳ 18,000, ಹೆಂಡತಿಯ ದುಡಿಮೆ 6,000. ತೆರಿಗೆ ಕಟ್ಟುವ ಯೋಗವೇ ನಮಗೆ ಬಂದಿಲ್ಲ. ವಿನಾಯಿತಿಯನ್ನು ತಗೊಂಡು ಏನು ಮಾಡುವುದು? ಬೋಳುತಲೆಗೆ ಬಾಚಣಿಗೆ ಉಡುಗೊರೆ.

(ಈ) ಸಿಪ್‌ವಾದ. ಮೇಲೆ ಉಳಿದದ್ದನ್ನು ಸಾಲಕ್ಕೆ ಕಟ್ಟದೆ ಮ್ಯೂಚುವಲ್ ಫಂಡಿನ ಸಿಪ್‌ಗೆ ಹಾಕಿ ಎನ್ನುವವರು. ಇವರಿಗೂ (ಅ) ಪಂಥಕ್ಕೂ ಇರುವ ಸಂಬಂಧ ಆಳವಾದದ್ದು. ಒಬ್ಬರು ಗುಟುಕು ಬಿಡಿಸುತ್ತಾರೆ, ಇನ್ನೊಬ್ಬರು...

ಇಲ್ಲಿಗೆ ಸಾಕು. ನಾಲ್ಕೂ ಪಂಥಗಳು ‘ಮೇಲೆ ಉಳಿದದ್ದು’ ಎಂಬ ಒಂದೇ ಕಂಬಕ್ಕೆ ಒರಗಿಕೊಂಡು ನಿಂತಿವೆ, ಆ ಕಂಬ ನಮ್ಮ ಮನೆಯಲ್ಲಿಲ್ಲ. ಉಳಿದ ಖಂಡನೆಯನ್ನು ಓದುಗರೇ ಊಹಿಸಿಕೊಳ್ಳಬೇಕಾಗಿ ವಿನಂತಿ.

4. ಗಣಿತಾಧ್ಯಾಯ

ದೃಷ್ಟಾಂತಕ್ಕೆ ನಮ್ಮದೇ ಸಾಲ. 2020ರಲ್ಲಿ, ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಒಂದು ಹಾಲು, ಒಂದು ರೂಮು ಎಬ್ಬಿಸಲು 10 ಲಕ್ಷ. ಬಡ್ಡಿ ಶೇ. 7, ಅವಧಿ 20 ವರ್ಷ, ಕಂತು 7,753. ಮೊದಲ ತಿಂಗಳು ಅದರಲ್ಲಿ ಬಡ್ಡಿಗೆ 5,833, ಅಸಲಿಗೆ 1,920. ಪಾಂಡವರು 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ಮುಗಿಸಿ ಬಂದು ಅರ್ಧ ರಾಜ್ಯ ಕೇಳುವ ಹೊತ್ತಿಗೆ, ಅಂದರೆ 13 ವರ್ಷ ತಪ್ಪದೆ ಕಟ್ಟಿದ ಮೇಲೂ, ನಮ್ಮ ಸಾಲದಲ್ಲಿ 5 ಲಕ್ಷದ 13 ಸಾವಿರಕ್ಕಿಂತ ಹೆಚ್ಚು ಬಾಕಿಯೇ ಇರುತ್ತದೆ. ನಾವು ಅರ್ಧ ಮನೆಯನ್ನೂ ಕೇಳುವಂತಿಲ್ಲ.

ಈ ಲೆಕ್ಕವನ್ನು ಸುಲಭವಾಗಿಸಲು ಹೆಂಡತಿ ಒಂದು ಮಾನಕವನ್ನು ಪ್ರತಿಪಾದಿಸಿದ್ದಾಳೆ. ಅದನ್ನು ನಾನು ‘ಕುಚ್ಚುಮಾನ’ ಎಂದು ಕರೆದಿದ್ದೇನೆ. ಒಂದು ಸೀರೆಗೆ ಕುಚ್ಚು ಕಟ್ಟಿದರೆ ಅಂಗಡಿಯವರು ಅವಳಿಗೆ ಕೊಡುವುದು 150 ರೂಪಾಯಿ. ಗಿರಾಕಿಗೆ ಹಾಕುವ ದರ ಬೇರೆ, ಅದರ ಮೀಮಾಂಸೆ ಇಲ್ಲಿ ಬೇಡ. ಆ ಪ್ರಕಾರ ಒಂದು ಕಂತು ಎಂದರೆ 52 ಸೀರೆ. ಅಸಲು 13 ಸೀರೆ. ಉಳಿದ 39 ಸೀರೆ ಬಡ್ಡಿ ಉಟ್ಟುಕೊಳ್ಳುತ್ತದೆ.

5. ಚಲನಶೀಲ ಬಡ್ಡಿಯ ತತ್ತ್ವ

ಇಲ್ಲಿಂದ ಮುಂದೆ ತಮಾಷೆ ನನಗೆ ಕಷ್ಟ.

2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಮನೆಸಾಲಗಳ ಬಡ್ಡಿಯನ್ನು ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಿದ್ದಾರೆ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ. 4ರಿಂದ 6.5ಕ್ಕೆ ಏರಿತು. ನಮ್ಮ 7 ಕೂಡ 9.5 ಆಯಿತು. ಲೆಕ್ಕದ ಸಲೀಸಿಗೆ ಏರಿಕೆಯೆಲ್ಲ ಒಂದೇ ಏಟಿಗೆ ಆಯಿತೆಂದುಕೊಳ್ಳಿ. ಎರಡು ವರ್ಷ ಕಟ್ಟಿದ ಮೇಲೆ ನಮ್ಮ ಬಾಕಿ ಸುಮಾರು 9 ಲಕ್ಷದ 50 ಸಾವಿರ. ಅದರ ಮೇಲೆ ತಿಂಗಳ ಬಡ್ಡಿ 7,526. ಕಂತು ಅದೇ 7,753. ಅಸಲಿಗೆ ಹೋಗುವುದು 227 ರೂಪಾಯಿ, ಒಂದೂವರೆ ಸೀರೆ.

ಬ್ಯಾಂಕಿನಿಂದ ಫೋನು ಬರಲಿಲ್ಲ, ಕಾಗದ ಬರಲಿಲ್ಲ. ಅವಧಿ ಪರಿಷ್ಕರಿಸಲಾಗಿದೆ ಎಂದು ಒಂದು ಮೆಸೇಜು ಬಂತು. ಕರಡು ತಿದ್ದುವವನಾಗಿ ಹೇಳುತ್ತೇನೆ, ಆ ವಾಕ್ಯದಲ್ಲಿ ಕಾಗುಣಿತದ ತಪ್ಪೊಂದೂ ಇರಲಿಲ್ಲ. ಹಳೆಯ ಕಂತನ್ನೇ ಕಟ್ಟುತ್ತ ಹೋದರೆ 18 ವರ್ಷಕ್ಕೆ ತೀರಬೇಕಾದ ಬಾಕಿಗೆ ಲೆಕ್ಕದ ಪ್ರಕಾರ 37 ವರ್ಷ ಬೇಕು. ಆಗ ನನಗೆ 44. ಕೂಡಿಸಿ ನೋಡಿದೆ, 81. ಮತ್ತೊಮ್ಮೆ ಕೂಡಿಸಿದೆ, ವಯಸ್ಸು ಕಮ್ಮಿಯಾಗಲಿಲ್ಲ.

ಬಡ್ಡಿ ಏರಿದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಬಿಡಬೇಕು, ಪರಿಣಾಮವೇನೆಂದು ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. 2023ರ ಆಗಸ್ಟಿನಲ್ಲಿ. ಏರಿಕೆಯೆಲ್ಲ ಮುಗಿದು ಆರು ತಿಂಗಳಾಗಿತ್ತು. ಶಿಸ್ತಿಲ್ಲದವರು ಯಾರು ಸ್ವಾಮಿ? ಒಂದು ಕಂತೂ ತಪ್ಪಿಸದವರೋ, ನಮ್ಮ ಆಯಸ್ಸಿಗೆ ಹತ್ತೊಂಬತ್ತು ವರ್ಷ ಸಾಲ ಸೇರಿಸಿ ಒಂದು ಸಾಲಿನ ಮೆಸೇಜು ಕಳಿಸಿದವರೋ? ಮೈಕು ಹಿಡಿದವರು ಇದನ್ನು ಯಾಕೆ ಹೇಳುವುದಿಲ್ಲ? ಕಾಫಿ ಲೋಟದಲ್ಲಿ ಹುಡುಕುವ ಸಾಲದ ಕಾರಣ ಬಡ್ಡಿಯ ಕಾಲಮ್ಮಿನಲ್ಲಿ ಯಾಕೆ ಕಾಣುವುದಿಲ್ಲ?

(ಉಪವಿಭಾಗ 5.1, 5.2 ಮತ್ತು ಕೋಷ್ಟಕ ಕೈಬಿಡಲಾಗಿದೆ.)

6. ಸಿದ್ಧಾಂತ ಮತ್ತು ಕ್ಷೇತ್ರಕಾರ್ಯ

ಸಿದ್ಧಾಂತ ಹೆಂಡತಿಯದು. 7,753ರ ಜೊತೆಗೆ ತಿಂಗಳಿಗೆ ಬರೀ 1,000 ಹೆಚ್ಚಿಗೆ ಕಟ್ಟಿದರೆ 37 ವರ್ಷ ಇದ್ದದ್ದು 20 ವರ್ಷ 9 ತಿಂಗಳಿಗೆ ಇಳಿಯುತ್ತದೆ. ಅಸಲಿಗೆ 227 ಹೋಗುತ್ತಿದ್ದ ಜಾಗಕ್ಕೆ 1,227 ಹೋಗುತ್ತದಲ್ಲ, ಅಷ್ಟೇ ಗುಟ್ಟು. ಹೆಚ್ಚಿಗೆ ಕಟ್ಟಿದ ಪ್ರತಿ ರೂಪಾಯಿಯೂ ಬಡ್ಡಿಯ ಬಾಗಿಲು ದಾಟಿ ನೇರ ಅಸಲಿಗೆ ಹೋಗುತ್ತದೆ. ಅವಳು ಸಾಸಿವೆ ಡಬ್ಬಿ ಖಾಲಿ ಮಾಡಿ ಅದಕ್ಕೊಂದು ಚೀಟಿ ಅಂಟಿಸಿದಳು: ‘ಅಸಲು’. ನಾಲ್ಕೈದು ತಿಂಗಳ ದುಡ್ಡು ಕೂಡಿದ ಮೇಲೆ ಇಬ್ಬರೂ ಬ್ಯಾಂಕಿಗೆ ಹೋದೆವು.

“ಪಾರ್ಟ್ ಪೇಮೆಂಟಾ? ಪೆನಾಲ್ಟಿ ಬೀಳುತ್ತೆ ಮೇಡಂ.”

ಫ್ಲೋಟಿಂಗ್ ಮನೆಸಾಲಕ್ಕೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು 2012ರ ಜೂನಿನಲ್ಲೇ ರಿಸರ್ವ್ ಬ್ಯಾಂಕ್ ಆದೇಶವಾಗಿದೆ. ಅದು ನನಗೆ ಗೊತ್ತಿದ್ದದ್ದು ಯಾವುದೋ ವಾಣಿಜ್ಯ ಪ್ರಬಂಧದ ಕರಡು ತಿದ್ದಿದ್ದರಿಂದ, ಪಿಎಚ್.ಡಿ.ಗಳಿಂದ ಉಪಯೋಗವಿಲ್ಲ ಎನ್ನಲಾರೆ. ಹೇಳಿದೆ. ಕೌಂಟರಿನವರು ಒಳಗೆ ಹೋಗಿ ಬಂದು, “ಸರಿ, ಕಟ್ಟಿ” ಎಂದರು. ಕಟ್ಟಿದೆವು.

ಎಂಟು ತಿಂಗಳ ಮೇಲೆ ಸ್ಟೇಟ್‌ಮೆಂಟಿನ ಮೇಲೆ ಸ್ಕೇಲು ಇಟ್ಟು ಸಾಲುಸಾಲಾಗಿ ಓದುತ್ತಿದ್ದವಳು ನಿಂತಳು. ನಾವು ಕಟ್ಟಿದ ದುಡ್ಡು ಅಸಲಿನಿಂದ ಕಳೆದೇ ಇರಲಿಲ್ಲ. ‘ಮುಂಗಡ ಕಂತು’ ಎಂಬ ತಲೆಬರಹದಡಿ ತೆಪ್ಪಗೆ ಕೂತಿತ್ತು. ಬಡ್ಡಿ ಮಾತ್ರ ಪೂರ್ತಿ ಬಾಕಿಯ ಮೇಲೆ ಓಡುತ್ತಿತ್ತು. ಹೋಗಿ ಕೇಳಿದರೆ, “ನೀವು ಬರೆದು ಕೊಟ್ಟಿರಲಿಲ್ಲವಲ್ಲ” ಎಂದರು. ಆ ಎಂಟು ತಿಂಗಳ ಬಡ್ಡಿ ವಾಪಸು ಬರಲಿಲ್ಲ. ನಾನು 22 ವರ್ಷ ಅಕ್ಷರದ ತಪ್ಪು ಹಿಡಿದವನು, ಈ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸಾಲ ಪೂರ್ತಿ ತೀರಿದ ಮೇಲೆ ಬ್ಯಾಂಕುಗಳು ಮನೆಯ ಮೂಲಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಇದನ್ನು ಓದಿ ಹೇಳಿದಾಗ ಅವಳು ಬೆರಳು ಮಡಚಿ ಎಣಿಸಿದಳು. ದಿನಕ್ಕೆ 33 ಸೀರೆ. “ತಡ ಮಾಡ್ಲಿ ಬಿಡಿ ಪಾಪ, ಆತುರ ಏನು” ಎಂದಳು.

7. ಉಪಸಂಹಾರ

ಸಂಪ್ರದಾಯದಂತೆ ಇಲ್ಲಿ ಸಂಶೋಧನೆಯ ಫಲಿತಗಳನ್ನು ಕ್ರೋಡೀಕರಿಸಬೇಕು. ‘ಅವಧಿಪೂರ್ವ’ ಎಂಬ ಮಾತನ್ನು ನಾನು ಮೊದಲು ಕಂಡದ್ದು ಹೆರಿಗೆ ಕುರಿತ ಪ್ರಬಂಧವೊಂದರಲ್ಲಿ. ದಿನ ತುಂಬುವ ಮೊದಲೇ ಬಂದದ್ದಕ್ಕೆ ಯಾರಾದರೂ ಬೆಲೆ ತೆರಬೇಕು ಎಂಬ ಭಯ ಆ ಪದದಲ್ಲೇ ಇದೆ. ಸಾಲದಲ್ಲೂ ಅಷ್ಟೇ. ತಿಂಗಳಿಗೆ ಏಳು ಸೀರೆ ಹೆಚ್ಚಿಗೆ, 249 ತಿಂಗಳು: 1,743 ಸೀರೆ. ಇದು ಕಾಫಿ ಬಿಟ್ಟು ಉಳಿಸಿದ್ದಲ್ಲ. ರಾತ್ರಿ ಹತ್ತರ ಮೇಲೆ, ಮಗಳ ಓದಿಗೆಂದು ಹಾಕಿದ ಟ್ಯೂಬ್‌ಲೈಟಿನ ಕೆಳಗೆ, ರೇಷ್ಮೆ ಎಳೆಗಳನ್ನು ಮಂಡಿಗೆ ಬಿಗಿದುಕೊಂಡು ಗಂಟು ಹಾಕಿದ್ದು. ನಲವತ್ತೊಂದಕ್ಕೇ ಅವಳಿಗೆ ಕನ್ನಡಕ ಬಂತು. ಕಪ್ಪು ಸೀರೆ ಬಂದರೆ ಹಗಲಲ್ಲೇ ಕಟ್ಟುತ್ತಾಳೆ, ರಾತ್ರಿ ಎಳೆ ಕಾಣುವುದಿಲ್ಲ. ಸಾಲ ಅವಧಿಗೆ ಮುಂಚೆ ಮುಗಿಯಬೇಕಾದರೆ ಇನ್ನೊಂದು ಏನೋ ಅವಧಿಗೆ ಮುಂಚೆ ಮುಗಿಯಬೇಕು. ನನಗೆ ಸಿಕ್ಕ ಫಲಿತ ಇದೊಂದೇ. ಇದಕ್ಕೆ ಪರಿಭಾಷೆ ಸಿಗಲಿಲ್ಲ.

ಇಷ್ಟನ್ನೂ ಓದಿ ಹೇಳಿದೆ. ಅವಳು ಕಣ್ಣೆತ್ತದೆ ಸೂಜಿ ನನ್ನ ಕೈಗೆ ಕೊಟ್ಟಳು. ದಾರ ಪೋಣಿಸುವುದು ಈಚೆಗೆ ನನ್ನ ಕೆಲಸ.

“ಇದಕ್ಕೆ ಪತ್ರಿಕೆಯವರು ಏನಾದ್ರೂ ಕೊಡ್ತಾರೇನ್ರಿ?”

“ಗೌರವಧನ ಅಂತ ಒಂದಷ್ಟು.”

“ಕಟ್ಟುವಾಗ ಅಸಲಿಗೆ ಅಂತ ಬರೆದೇ ಕೊಡಿ. ಬಾಯಲ್ಲಿ ಹೇಳ್ಬೇಡಿ.”